ಹದಿಮೂರು ಅಡಿಯ ಮನೆ

ಮನೆಯನ್ನು ಜೊತೆಯಲ್ಲೇ ಒಯ್ಯುವ ಪ್ರಾಣಿಗಳೆಂದರೆ ಆಮೆ ಮತ್ತು ಬಸವನಹುಳು ಎಂದು ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಆ ಪಟ್ಟಿಗೆ ಅಮೆರಿಕದ ಮನುಷ್ಯರನ್ನೂ ಸೇರಿಸಬೇಕೆಂದು ತಿಳಿದದ್ದು 2025ರ ಬೇಸಿಗೆ ರಜೆಯಲ್ಲಿ, ಮಿನ್ನೆಸೋಟ ರಾಜ್ಯದಲ್ಲಿರುವ ಮಗಳ ಮನೆಗೆ ಹೋದಾಗ. ಅವಳ ಮನೆಯ ಪಕ್ಕದಲ್ಲಿ, ಕರಗದೆ ಉಳಿದ ಹಿಮದ ರಾಶಿಯ ಹಿಂದೆ, ಟಾರ್ಪಾಲಿನ ಮುಸುಕು ಹಾಕಿಕೊಂಡು ಏನೋ ಒಂದು ಕುಳಿತಿತ್ತು. ಮದುವೆಮನೆಯ ಹಿತ್ತಿಲಲ್ಲಿ ಕವುಚಿಟ್ಟ ಕೊಪ್ಪರಿಗೆಯ ಹಾಗೆ ಕಂಡಿತು. "ಅದೇನೇ?" ಅಂದೆ. "ನನ್ನ ಟ್ರೇಲರ್, ಅಮ್ಮ" ಅಂದಳು.

ಟ್ರೇಲರ್ ಎಂದರೆ ನಮಗೆಲ್ಲ ಟ್ರಾಕ್ಟರಿನ ಹಿಂದೆ ಕಬ್ಬು ತುಂಬಿಕೊಂಡು ಹೋಗುವುದು, ಅಲ್ಲವೆ? ಇದು ಹಾಗಲ್ಲ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗುವ ಪುಟ್ಟ ಮನೆ. ತುದಿಯಿಂದ ತುದಿಗೆ ಹದಿಮೂರು ಅಡಿ. ಅಷ್ಟರಲ್ಲೇ ಎರಡು ಉರಿಯ ಒಲೆ, ಪಾತ್ರೆ ತೊಳೆಯುವ ಅಂಗೈಯಗಲದ ತೊಟ್ಟಿ, ಒಂದು ಮೇಜು. ರಾತ್ರಿ ಮೇಜನ್ನು ಕೆಳಗಿಳಿಸಿದರೆ ಅದೇ ಮಂಚ. ಗೋಡೆ ಫೈಬರ್‌ಗ್ಲಾಸಿನದು. ಮೊಟ್ಟೆಯ ಚಿಪ್ಪಿನಂತೆ ಮೇಲೊಂದು ಹೋಳು, ಕೆಳಗೊಂದು ಹೋಳು ಅಚ್ಚಿನಲ್ಲಿ ಮಾಡಿ ನಡುವೆ ಕೂಡಿಸುತ್ತಾರೆ. ಈ ಬಗೆಯ ಗಾಡಿಯನ್ನು 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ 'ಬೋಲರ್' ಎಂಬ ಹೆಸರಿನಲ್ಲಿ ತಂದನಂತೆ. ಅದಕ್ಕೆ ಮೊದಲು ಆತ ಫೈಬರ್‌ಗ್ಲಾಸಿನ ಸೆಪ್ಟಿಕ್ ಟ್ಯಾಂಕ್ ಮಾಡಿದವನು, ಅದರಿಂದಲೇ ಈ ಗಾಡಿಯ ಯೋಚನೆ ಹೊಳೆದದ್ದು. ನಮ್ಮ ಅತ್ತೆಯವರು ಬದುಕಿದ್ದು ಈ ಸಂಗತಿ ಕೇಳಿದ್ದರೆ ಅದರೊಳಗೆ ಕಾಲಿಡುತ್ತಿರಲಿಲ್ಲ. ನಾನೂ ಮೊದಲ ದಿನ ಅದರಲ್ಲಿ ಕೂತು ಕಾಫಿ ಕುಡಿಯಲಿಲ್ಲವೆನ್ನಿ.

ಮಗಳ ಗಾಡಿ ಬೋಲರ್ ಅಲ್ಲ, ಅದೇ ಜಾತಿಯ ಇನ್ನೊಂದು. 1980ರ ದಶಕದ್ದು, ಎಷ್ಟು ಕೈ ಬದಲಾಗಿ ಬಂದದ್ದೋ. ಅವಳೂ ಅವಳ ಗಂಡನೂ ಸೇರಿ ಕೊಂಡದ್ದು. ಇಬ್ಬರೂ ಬೇರೆಯಾಗಿ ಆಗಲೇ ಒಂದೂವರೆ ವರ್ಷವಾಗಿತ್ತು. ಹಂಚಿಕೆಯಲ್ಲಿ ಅವನಿಗೆ ಹೊಸ ಕಾರು ಹೋಯಿತು, ಇವಳ ಪಾಲಿಗೆ ಹಳೆಯ ಕಾರೂ ಸೋರುವ ಈ ಗಾಡಿಯೂ ಬಂದವು. ಇದು ನಮ್ಮೂರಿನಲ್ಲಿ ನನಗೆ, ನಮ್ಮ ಯಜಮಾನರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಸ್ಟಾಫ್ ರೂಮಿನಲ್ಲಿ "ಅಳಿಯಂದಿರು ಹೇಗಿದಾರೆ ಮೇಡಂ?" ಎಂದರೆ "ಚೆನ್ನಾಗಿದಾರೆ" ಎಂದುಬಿಡುತ್ತಿದ್ದೆ. ಸುಳ್ಳಲ್ಲ ತಾನೆ, ಅವರು ಚೆನ್ನಾಗಿಯೇ ಇರಬೇಕು.

ನಾನು ಹೊರಟದ್ದು ಮಗಳ ಮನಸ್ಸು ತಿರುಗಿಸಿ ಊರಿಗೆ ಕರೆತರುವ ಲೆಕ್ಕದಲ್ಲಿ. ಆದರೆ ಅವಳಿಗೆ ಶನಿವಾರ ಭಾನುವಾರ ಬಿಟ್ಟರೆ ಬಿಡುವಿಲ್ಲ, ಆ ಎರಡು ದಿನವೂ ಅವಳು ಗಾಡಿಯ ಕೆಳಗೋ ಒಳಗೋ ಇರುತ್ತಾಳೆ. ಮಾತಾಡಬೇಕೆಂದರೆ ನಾನೂ ಅಲ್ಲಿಗೇ ಹೋಗಬೇಕು.

ಮೊದಲ ಕೆಲಸ ಸೋರಿಕೆ ಹುಡುಕುವುದು. ಹೆಂಚಿನ ಮನೆಯಲ್ಲಿ ಬಾಳಿದವರಿಗೆ ಗೊತ್ತು, ನೀರು ಇಳಿಯುವ ಜಾಗವೇ ಬೇರೆ, ತೊಟ್ಟಿಕ್ಕುವ ಜಾಗವೇ ಬೇರೆ. ಇಲ್ಲಿಯೂ ಹಾಗೆಯೇ. ನೀರು ಚಾವಣಿಯ ಗಾಳಿಕಿಂಡಿಯ ಅಂಚಿನಿಂದ ಹೊಕ್ಕು, ಗೋಡೆಗೂ ಒಳಪದರಕ್ಕೂ ನಡುವೆ ಹರಿದು, ಎಲ್ಲೋ ಕಿಟಕಿಯ ಕೆಳಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಂದು ಕ್ರಮವುಂಟು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ರಬ್ಬರ್ ಕೊಳವೆಯಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಏರಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಯೂ ಇಳಿದು ಯಾವ ಸಂದು ಕಳ್ಳ ಎಂದು ತಿಳಿಯುವುದೇ ಇಲ್ಲ. ನೀರು ಬಿಡುವ ಕೆಲಸ ನನ್ನದು. ಸ್ವೆಟರ್ ಮೇಲೆ ಕೋಟು, ಕೋಟಿನ ಕೆಳಗೆ ಸೀರೆ, ಕೈಯಲ್ಲಿ ಕೊಳವೆ. ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವವರೆಲ್ಲ ನನ್ನನ್ನು ನೋಡಿ ಕೈ ಬೀಸುತ್ತಿದ್ದರು.

ಗಾಳಿಕಿಂಡಿ, ಎಡಗಡೆಯ ಕಿಟಕಿ, ಎರಡು ರಿವೆಟ್ಟುಗಳು ಸಿಕ್ಕಿಬಿದ್ದವು. ಕಿಟಕಿಯ ಸುತ್ತ ಯಾರೋ ಹಿಂದೆ ಸಿಲಿಕೋನ್ ಅಂಟನ್ನು ದಪ್ಪಗೆ ಬಳಿದಿದ್ದರು. ಸಿಲಿಕೋನ್ ಒಮ್ಮೆ ಕೂತರೆ ಅದರ ಮೇಲೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಚೌಕಟ್ಟಿನ ಅಡಿಗೆ ಬ್ಯುಟೈಲ್ ಎಂಬ ಜಿಗುಟು ಪಟ್ಟಿ ಕೊಟ್ಟು, ಮತ್ತೆ ಕೂರಿಸಬೇಕು.

"ಯಾರೇ ಇದನ್ನ ಹೀಗೆ ಮೆತ್ತಿದ್ದು?" ಎಂದು ಕೇಳಿದೆ.

"ಅವನೇ" ಎಂದಳು. "ಪ್ರತಿ ಸಲ ಸೋರಿದಾಗಲೂ ಮೇಲೆ ಇನ್ನೊಂದು ಸಲ ಬಳೀತಿದ್ದ. ಬಿಚ್ಚಿ ನೋಡೋಣ ಅಂದ್ರೆ ಮುಂದಿನ ವಾರ ಅಂತಿದ್ದ."

ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಡಬ್ಬಿಯಿಂದ ಇನ್ನೊಂದು ಪ್ಲಾಸ್ಟಿಕ್ ಉಳಿ ತೆಗೆದುಕೊಂಡು ಆ ಬದಿಯಿಂದ ಕೆರೆಯತೊಡಗಿದೆ. ಎರಡು ಭಾನುವಾರ ಹಿಡಿಯಿತು. ಕೈಬೆರಳ ಉಗುರೆಲ್ಲ ಹೋಯಿತು. ಊರಿನಿಂದ ಯೋಚಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಆ ಕಿಟಕಿಯ ಹತ್ತಿರವೇ ಉಳಿದವು.

ಕಿಟಕಿಯ ಕೆಳಗಿನ ನೆಲ ಪ್ಲೈವುಡ್ಡಿನದು. ಅದು ಕೊಳೆತಿದೆಯೋ ಇಲ್ಲವೋ ನೋಡಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾರೆ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಹಣ್ಣಾದ ಹಲಸಿನ ಹಾಗೆ ಬೊದ್ ಎನ್ನುತ್ತದೆ. ಹಲಸು ತಟ್ಟಿ ನೋಡುವುದರಲ್ಲಿ ಮಗಳಿಗಿಂತ ನನ್ನ ಕಿವಿ ಚುರುಕು. ನಾನು ತಟ್ಟಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಅವಳು ಗರಗಸದಲ್ಲಿ ಕೊಯ್ದಳು. ಒಂದು ಮೊಳದಷ್ಟು ಚೌಕ. ಹೊಸ ಹಲಗೆಯ ಅಂಚಿಗೆಲ್ಲ ಎಪಾಕ್ಸಿ ಬಳಿದು ಕೂರಿಸಿದಳು. ಸೀಮೆಸುಣ್ಣ ನನ್ನ ಹ್ಯಾಂಡ್‌ಬ್ಯಾಗಿನಲ್ಲೇ ಇತ್ತು, ನಮ್ಮ ಕಸುಬಿನವರಿಗೆ ಅದು ತಪ್ಪಿದ್ದಲ್ಲ.

ಆದರೆ ನನಗೆ ನಿಜವಾಗಿ ರುಚಿ ಹತ್ತಿದ್ದು ಚಕ್ರದ ಕೆಲಸ. ನನ್ನ ತಂದೆಯ ಮನೆಯಲ್ಲಿ ಎತ್ತಿನ ಗಾಡಿಯಿತ್ತು. ಸಂತೆಗೆ ಹೊರಡುವ ಮುಂಚೆ ಕಡಾಣಿ ಕಿತ್ತು, ಚಕ್ರ ಸರಿಸಿ, ಅಚ್ಚಿಗೆ ಕೀಲೆಣ್ಣೆ ಹಚ್ಚುವುದನ್ನು ನೋಡುತ್ತ ಬೆಳೆದವಳು. ಹುಡುಗಿಯರು ಮುಟ್ಟುವಂತಿರಲಿಲ್ಲ, ಲಂಗಕ್ಕೆ ಹತ್ತಿದರೆ ಕರೆ ಹೋಗುವುದಿಲ್ಲ ಎಂದು ಬೈಯುತ್ತಿದ್ದರು. ಇಲ್ಲಿ ಮಗಳು ಜಾಕ್ ಕೊಟ್ಟು ಗಾಡಿ ಎತ್ತಿ, ಗುಂಭದ ಟೋಪಿ ತೆಗೆದು, ಒಂದು ಸೀಳುಮೊಳೆ ಎಳೆದಳು. ನೋಡಿದರೆ ಅದೇ ಕಡಾಣಿ! ಗಾತ್ರ ಮಾತ್ರ ಚಿಕ್ಕದು. ಒಳಗಿನ ಬೇರಿಂಗನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ತೊಳೆದು, ಉರುಳೆಗಳ ಮೇಲೆ ಕಲೆಯೋ ಗುಳಿಯೋ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬಿದ್ದಿದ್ದರೆ ಎಸೆಯಬೇಕು. ಸರಿಯಿದ್ದರೆ ಅಂಗೈಯಲ್ಲಿ ಗ್ರೀಸ್ ಮುದ್ದೆ ಇಟ್ಟುಕೊಂಡು, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಗ್ರೀಸ್ ಹೊರಡುವವರೆಗೆ ತುಂಬಬೇಕು. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಆಮೇಲೆ ಒಂದಿಷ್ಟು ಸಡಿಲ ಬಿಡಬೇಕು. ಬಿಗಿ ಹೆಚ್ಚಾದರೆ ಕಾದು ಸುಟ್ಟುಹೋಗುತ್ತದೆ. ಕಡಾಣಿ ಮಾತ್ರ ಪ್ರತಿ ಸಲವೂ ಹೊಸದೇ. ಎರಡನೆಯ ಚಕ್ರಕ್ಕೆ ಗ್ರೀಸ್ ತುಂಬಿದವಳು ನಾನು. ಐವತ್ತಾರನೆಯ ವಯಸ್ಸಿನಲ್ಲಿ ಕೈಗೆ ಕೀಲೆಣ್ಣೆ ಹತ್ತಿತು.

ಟೈರಿನ ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2617 ಎಂದಿದ್ದರೆ 2017ರ 26ನೆಯ ವಾರ ಹುಟ್ಟಿದ್ದು. ಇಂಥ ಗಾಡಿಗಳ ಟೈರು ಓಡಿ ಸವೆಯುವುದಕ್ಕಿಂತ ನಿಂತು ನಿಂತು ಹಳತಾಗುವುದೇ ಹೆಚ್ಚು. ಮೇಲೆ ಗೆರೆಗಳು ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ಬದಲಾಯಿಸುವುದೇ ಜಾಣತನ. ಇವಳ ಟೈರಿಗೆ ಎಂಟು ತುಂಬುತ್ತಿತ್ತು. ಹಣ ನಾನು ಕೊಡುತ್ತೇನೆಂದೆ, ಬೇಡವೆಂದಳು. ಕೊನೆಗೆ ಒಂದು ಟೈರು ಅವಳದು, ಒಂದು ನನ್ನದು ಎಂದು ರಾಜಿಯಾಯಿತು.

ಹೀಗೆ ಗ್ರೀಸಿನ ಕೈಯಲ್ಲಿದ್ದಾಗಲೇ ಒಂದು ದಿನ ಊರಿನಿಂದ ನಾದಿನಿ ಫೋನು ಮಾಡಿದಳು. ಮಗಳು ಸ್ಪೀಕರ್ ಹಾಕಿ ಹತ್ತಿರ ಹಿಡಿದಳು. ಏನು ಮಾಡ್ತಿದೀರಿ ಎಂದರೆ, ಗಾಡಿ ರಿಪೇರಿ ಎಂದೆ. "ಅಳಿಯಂದಿರು ಮಾಡ್ತಿದಾರಾ?"

ಮಗಳು ನನ್ನ ಮುಖ ನೋಡಲಿಲ್ಲ. ಗಾಡಿಯ ಕಡೆ ತಿರುಗಿಕೊಂಡಳು.

"ಇಲ್ಲ. ಅವರು ಇಲ್ಲಿಲ್ಲ. ಇಬ್ಬರೂ ಬೇರೆಯಾಗಿ ಒಂದೂವರೆ ವರ್ಷ ಆಯ್ತು. ಇವಳೇ ಮಾಡ್ತಿದಾಳೆ, ನಾನು ಜೊತೆಗಿದೀನಿ" ಎಂದೆ.

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ನಾದಿನಿ, "ಆ ಗಾಡಿಯೊಳಗೆ ಅಡಿಗೆ ಮಾಡಬಹುದಾ ಅತ್ತಿಗೆ?" ಎಂದಳು. ಅವಳ ಬಗ್ಗೆ ಇದುವರೆಗೆ ನನಗಿದ್ದ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಆ ಒಂದು ಪ್ರಶ್ನೆಗಾಗಿ ಅವಳಿಗೆ ಒಂದು ಸ್ವೆಟರ್ ತಂದೆ.

ಅಡಿಗೆ ಮಾಡಬಹುದು. ಗ್ಯಾಸಿನ ಕೊಳವೆಯ ಸಂದಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ನಮ್ಮಲ್ಲಿ ಮಾಡಿದ ಹಾಗೆಯೇ. ಈ ಗ್ಯಾಸೂ ಗಾಳಿಗಿಂತ ಭಾರ, ಆದ್ದರಿಂದ ಸೋರಿದರೆ ಕೂಗುವ ಯಂತ್ರವನ್ನು ನೆಲದ ಹತ್ತಿರ ಕೂರಿಸುತ್ತಾರೆ. ಅದಕ್ಕೂ ಔಷಧಿಯಂತೆ ಅವಧಿ ಮುಗಿಯುವ ತಾರೀಖುಂಟು. ಎಲ್ಲ ಪರೀಕ್ಷೆಯೂ ಮುಗಿದ ಮೇಲೆ ನಾನು ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟೆ. ಹದಿಮೂರು ಅಡಿಯಲ್ಲಿ ಒಗ್ಗರಣೆ! ಇಬ್ಬರೂ ಕೆಮ್ಮುತ್ತ ಹೊರಗೆ ಓಡಿದೆವು. ಮೂರು ದಿನವಾದರೂ ಹಾಸಿಗೆಯೆಲ್ಲ ಇಂಗು. ಆ ವಾರವೇ ಚಾವಣಿಯ ಹಳೆಯ ಮುಚ್ಚಳ ಹೋಗಿ, ಅದೇ ಹದಿನಾಲ್ಕು ಅಂಗುಲದ ಚೌಕಕ್ಕೆ ಕೂರುವ ವಿದ್ಯುತ್ ಫ್ಯಾನು ಬಂತು. ಬಲ್ಬುಗಳನ್ನೂ ಎಲ್‌ಇಡಿಗೆ ಬದಲಾಯಿಸಿದಳು, ಬ್ಯಾಟರಿ ಉಳಿಯಲೆಂದು. ಮಿಕ್ಕ ಸುಧಾರಣೆಗಳೆಲ್ಲ ಅವಳ ಪಟ್ಟಿಯವು, ಫ್ಯಾನು ಮಾತ್ರ ನನ್ನ ಒಗ್ಗರಣೆಯದು.

ಸಾಮಾನು ತುಂಬುವಾಗ ಮತ್ತೆ ಅಪ್ಪನ ಗಾಡಿ ನೆನಪಾಯಿತು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ, ಮುಂಭಾರವಾದರೆ ಹೆಗಲು ಜಜ್ಜುತ್ತದೆ. ಇಲ್ಲಿಯೂ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರವಾದರೆ ವೇಗದಲ್ಲಿ ಗಾಡಿ ಬಾಲ ಬೀಸತೊಡಗುತ್ತದೆ. ಅಕ್ಕಿಯ ಚೀಲ, ನೀರಿನ ಕ್ಯಾನು ಎಲ್ಲ ಅಚ್ಚಿನಿಂದ ಮುಂದಕ್ಕೆ ಸರಿದವು.

ಮೇ ಮೂರನೆಯ ವಾರ ಇಟಾಸ್ಕ ಎಂಬಲ್ಲಿಗೆ ಹೋದೆವು. 1891ರಿಂದ ಅದು ರಾಜ್ಯದ ಉದ್ಯಾನ. ಅಲ್ಲಿಯ ಸರೋವರದಿಂದ ಮಿಸಿಸಿಪ್ಪಿ ಹೊರಡುತ್ತದೆ. ಎಷ್ಟು ವರ್ಷ ಕೋಲು ಹಿಡಿದು ಭೂಪಟದಲ್ಲಿ ತೋರಿಸಿದ ನದಿ! ಅಲ್ಲಿ ನಮ್ಮೂರ ತೋಡಿನಷ್ಟಿದೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಸೀರೆ ಎತ್ತಿ ದಾಟಿದೆ. ನೀರು ಕೊರೆಯುತ್ತಿತ್ತು. ರಾತ್ರಿ ಮಳೆ ಬಂತು. ಮೇಜು ಇಳಿಸಿದ ಮಂಚದ ಮೇಲೆ ಇಬ್ಬರೂ ಎದ್ದು ಕೂತು, ಟಾರ್ಚ್ ಬಿಟ್ಟುಕೊಂಡು ಆ ಕಿಟಕಿಯನ್ನೇ ನೋಡಿದೆವು. ಒಂದು ಹನಿ ಬರಲಿಲ್ಲ. "ಮಲಗಮ್ಮ" ಎಂದಳು. ಊರಿಗೆ ಬಂದುಬಿಡು ಎಂದು ನಾನು ಕೇಳಲಿಲ್ಲ. ಆಸೆ ಹೋಗಿತ್ತೆಂದಲ್ಲ, ಈಗಲೂ ಇದೆ.

ಅಕ್ಟೋಬರಿನಲ್ಲಿ ಫೋನು ಬಂತು. ಚಳಿಗಾಲಕ್ಕೆ ಗಾಡಿ ಮುಚ್ಚುವ ಹೊತ್ತು. ಕೊಳವೆಗಳಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಉಬ್ಬಿ ಒಡೆಯುತ್ತವೆಂದು, ನೀರು ಬಸಿದು ಗುಲಾಬಿ ಬಣ್ಣದ ಹೆಪ್ಪುಗಟ್ಟದ ದ್ರವ ತುಂಬಿದ್ದಾಳೆ. ಇಲಿ ನುಗ್ಗುವ ತೂತುಗಳಿಗೆ ಉಕ್ಕಿನ ನಾರು ತುರುಕಿದ್ದಾಳೆ. ಕಿಟಕಿ ಈಗಲೂ ಒಣಗಿದೆಯಂತೆ. ಆದರೆ ಬಾಗಿಲ ಹತ್ತಿರ ಹೊಸದಾಗಿ ಏನೋ ತೇವ ಕಂಡಿದೆಯಂತೆ.

"ನೀರು ಬಿಡೋದಕ್ಕೆ ಯಾರಿದಾರೆ?" ಎಂದೆ.

"ಪಕ್ಕದ ಮನೆ ಹುಡುಗಿ ಬಂದು ನಿಂತಿದಾಳೆ. ಎಲ್ಲಿಂದ ಶುರುಮಾಡಲಿ ಅಂತ ಕೇಳ್ತಿದಾಳೆ."

"ಕೆಳಗಿನಿಂದ ಅಂತ ಹೇಳು" ಎಂದೆ.