ಹನ್ನೊಂದು ಅಕ್ಷರಗಳು

ನಮ್ಮ ಮೋಟೆಬೆನ್ನೂರಿನಿಂದ ಪರಸ್ಥಳಕ್ಕೆ ರೊಕ್ಕ ಕಳುಹಿಸಬೇಕಾದರೆ ಪೂರ್ವದಲ್ಲಿ ಅಂಚೆಯ ಮನಿಯಾರ್ಡರೇ ಗತಿಯಾಗಿದ್ದಿತು. ಊರು, ತಾಲೂಕು, ಇಂಥ ಗುಡಿಯ ಹಿಂದಿನ ಮನೆ ಎಂದಿಷ್ಟು ಬರೆದರೆ ಉಳಿದುದನ್ನು ಟಪಾಲಿನವನು ತನ್ನ ಬುದ್ಧಿಯಿಂದಲೇ ತುಂಬಿಕೊಳ್ಳುತ್ತಿದ್ದನು. ಈಗಿನ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. 2004ರಲ್ಲಿ ಆರ್.ಟಿ.ಜಿ.ಎಸ್., 2005ರಲ್ಲಿ ನೆಫ್ಟ್ ಎಂಬ ಪದ್ಧತಿಗಳು ಬಂದ ಮೇಲೆ ಹಣವು ಐ.ಎಫ್.ಎಸ್.ಸಿ. ಎಂಬ ಹನ್ನೊಂದು ಅಕ್ಷರಗಳ ಸಂಕೇತವನ್ನು ಹಿಡಿದೇ ನಡೆಯುತ್ತದೆ.

ಈ ಸಂಕೇತವು ಗೋತ್ರಪ್ರವರ ಹೇಳಿದಂತೆಯೇ ಸರಿ. ಮೊದಲಿನ ನಾಲ್ಕು ಅಕ್ಷರಗಳು ಬ್ಯಾಂಕಿನ ಕುಲವನ್ನೂ ಕೊನೆಯ ಆರು ಶಾಖೆಯನ್ನೂ ಸೂಚಿಸುವುವು. ನಡುವಣ ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆ. ಮುಂದಿನ ಉಪಯೋಗಕ್ಕೆಂದು ಅದನ್ನು ಕಾದಿರಿಸಿದ್ದಾರೆ. ಪಾಣಿನಿಯ ವ್ಯಾಕರಣದಲ್ಲಿ ಲೋಪವೆಂಬುದು ಕಣ್ಣಿಗೆ ಕಾಣದೆಯೂ ಕಾರ್ಯ ಮಾಡುವುದು. ಈ ಸೊನ್ನೆಯಾದರೋ ಕಂಡೂ ಸದ್ಯಕ್ಕೆ ಕಾರ್ಯವಿಲ್ಲದ್ದು. ಆದರೂ ಅದನ್ನು ಬಿಟ್ಟರೆ, ಇಲ್ಲವೆ ಇಂಗ್ಲಿಷಿನ ‘ಓ’ ಅಕ್ಷರವೆಂದು ಬಗೆದು ಬರೆದರೆ, ಹಣವು ಹೊಸ್ತಿಲು ದಾಟದು.

ವಿವಾಹವಾದ ಹೆಣ್ಣಿಗೆ ಗೋತ್ರ ಬದಲಾಗುವಂತೆ ಬ್ಯಾಂಕುಗಳಿಗೂ ಬದಲಾಗುವುದುಂಟು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಕನ್ನಡನಾಡಿನಲ್ಲಿ ಹುಟ್ಟಿದ ಈ ಮೂರು ಹೆಸರುಗಳು ಬೋರ್ಡಿನಿಂದ ಇಳಿದುದಕ್ಕೆ ನಮಗೆ ಇಂದಿಗೂ ಖೇದವುಂಟು. ಅದಿರಲಿ. ಹೆಸರಿನ ಹಿಂದೆಯೇ ಸಂಕೇತಗಳೂ ಹೋದವು. ಸಿಂಡಿಕೇಟಿನ ಹಳೆಯವು 2021ರ ಜುಲೈ 1ರಿಂದ ನಿಂತೇಹೋದವು.

ಹೀಗೆ ವಿಲೀನವಾದ ಬ್ಯಾಂಕೊಂದರಲ್ಲಿ ನಮ್ಮ ತಂಗಿಯ ಖಾತೆಯಿದ್ದಿತು. ತಂದೆಯವರ ಹೊಲದ ಪಾಲಿನ ನಿಮಿತ್ತ ನಮ್ಮಿಬ್ಬರಲ್ಲಿ ಕೆಲವು ವರ್ಷ ಮಾತು ಕಡಮೆಯಾಗಿ, ಆಗತಾನೆ ಕೂಡಿಕೊಳ್ಳುತ್ತಿದ್ದೆವು. ಆ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಅವಳ ಕಣ್ಣಿನ ಶಸ್ತ್ರಕ್ರಿಯೆ ಸೋಮವಾರಕ್ಕೆ ನಿಶ್ಚಯವಾಗಿ, ಖರ್ಚನ್ನು ನಾವು ಕೊಡುವೆವೆಂದು ಒಪ್ಪಿದ್ದೆವು. ಎರಡನೆಯ ಶನಿವಾರದ ಹಿಂದಿನ ದಿನ ಬ್ಯಾಂಕು ಮುಚ್ಚುವ ಹೊತ್ತಿಗೆ ಅರ್ಜಿ ತುಂಬಿ ಕಿಟಕಿಯಲ್ಲಿ ಕೊಟ್ಟು, ‘ಕಳಿಸೀನಿ’ ಎಂದು ಅವಳಿಗೆ ತಿಳಿಸಿಯೂ ಬಿಟ್ಟೆವು.

ರವಿವಾರ ಸಂಜೆ ಅವಳ ಫೋನು ಬಂದಿತು. “ಅಣ್ಣಾ, ರೊಕ್ಕಾ ಬಂದಿಲ್ಲ.”

“ಕಳಿಸೀನಿ ಅಂದ ಮ್ಯಾಲೆ ಮುಗೀತು. ಸರಿಯಾಗಿ ನೋಡಸು,” ಎಂದು ನಾವು ಗದರಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂಂನಣ್ಣ,” ಎಂದು ಇಟ್ಟಳು. ಆ ಸುಮ್ಮನಿದ್ದುದರಲ್ಲಿ ಹೊಲದ ಮಾತೆಲ್ಲ ಇದ್ದಿತು.

ಸೋಮವಾರ ಕಿಟಕಿಯ ಹುಡುಗಿ ನಮ್ಮ ಅರ್ಜಿಯನ್ನೇ ಹಿಂದಿರುಗಿಸಿ, “ಸರ್, ಈ ಕೋಡ್ ಈಗ ಇಲ್ಲ,” ಎಂದಳು. ಅದರಲ್ಲಿ ನಮ್ಮ ಫೋನಿನ ಸಂಖ್ಯೆ ಬರೆಯಲು ಮರೆತವರೂ ನಾವೇ. ಹೊಸ ಸಂಕೇತವನ್ನು ತಂಗಿಯು ಮೊಮ್ಮಗನಿಂದ ನಮಗೆ ಮೊದಲೇ ಕಳುಹಿಸಿದ್ದಳು. ನಾವು ನಮ್ಮ ವಹಿಯಲ್ಲಿದ್ದ ಸ್ವಹಸ್ತಾಕ್ಷರವನ್ನೇ ನಂಬಿದ್ದೆವು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ತನ್ನ ಬರಹವು ಪ್ರಮಾಣವಾಗಿ ತೋರುವುದು ಸಹಜವಷ್ಟೆ! ತಿದ್ದಿ ಕೊಟ್ಟ ಮೇಲೆ ಮಧ್ಯಾಹ್ನದೊಳಗೆ ಹಣ ತಲಪಿತು. ಶಸ್ತ್ರಕ್ರಿಯೆ ಮಾತ್ರ ಎಂಟು ದಿನ ಮುಂದೆ ಹೋಯಿತು.

ಆಸ್ಪತ್ರೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದವಳ ಎದುರಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಅವಳು ನಕ್ಕು, “ನಿನ್ನ ವಹಿಯೊಳಗಿನ ಹಳೇದನ್ನ ಹೊಡದ ಹಾಕಣ್ಣ,” ಎಂದಳು. ಅಲ್ಲಿಯೇ ವಹಿ ತೆಗೆದು ಹೊಡೆದು ಹಾಕಿದೆವು. ಹೊಸದನ್ನು ಮೊಮ್ಮಗನು ಒಂದೊಂದೇ ಅಕ್ಷರವಾಗಿ ಹೇಳಿದನು. ಐದನೆಯದಕ್ಕೆ ಬಂದಾಗ ತಂಗಿಯೇ, “ಅದು ಸೊನ್ನಿ,” ಎಂದಳು.