ತಾತ ತೋರಿಸಿದ ಕೆರೆಗಳು

ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ, ಏನೇನು ಕಂಡೆ ಎಂಬುದನ್ನು ನಾಲ್ಕು ಪುಟ ಬರೆದುಕೊಡು ಎಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ ನಾನು ಹಿಂದುಮುಂದು ನೋಡದೆ ಒಪ್ಪಿಕೊಂಡುಬಿಟ್ಟೆ. ಬೆಂಗಳೂರಿಗೆ ಹೋಗಿ ಬಂದವನಿಗೆ ಬರೆಯುವ ವಿಷಯಕ್ಕೆ ಬರವೇ ಎಂಬುದು ನನ್ನ ಧೈರ್ಯ. ಆದರೆ ಕಾಗದ ಮುಂದಿಟ್ಟುಕೊಂಡು ಕುಳಿತಾಗ ತಿಳಿಯಿತು, ಆ ಮಹಾನಗರದಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ನಾಲ್ಕೈದು ಕೆರೆಗಳನ್ನು ಮಾತ್ರ. ಅವುಗಳಲ್ಲಿ ಒಂದೆರಡನ್ನು ಬಿಟ್ಟರೆ ಉಳಿದವುಗಳಲ್ಲಿ ನೀರಿರಲಿ, ಕೆರೆಯೇ ಇರಲಿಲ್ಲ. ಇಂಥ ಪ್ರವಾಸ ಕಥನವನ್ನು ಓದಿ ನಮ್ಮ ಭೂಗೋಳದ ಅಧ್ಯಾಪಕರು ಏನೆನ್ನುವರೋ ಕಾಣೆ.

2025ರ ಏಪ್ರಿಲ್ 6, ಭಾನುವಾರ, ಶ್ರೀರಾಮನವಮಿ. ಅಪ್ಪ, ಅಮ್ಮ, ತಂಗಿ, ನಾನು ಬೆಳಗಿನ ಬಸ್ಸಿಗೆ ಚಿತ್ರದುರ್ಗ ಬಿಟ್ಟೆವು. ದಾರಿ ಸುಮಾರು 200 ಕಿಲೋಮೀಟರು. ತುಮಕೂರು ದಾಟಿದ ಮೇಲೆ ಅಪ್ಪ ಕಿಟಕಿಯ ಕಡೆಯಿಂದ ನನ್ನ ಕಡೆಗೆ ತಿರುಗಿ, ಈ ಸಲ ನಾವು ಹೋಗುತ್ತಿರುವುದು ಬರೀ ಕರಗ ನೋಡುವುದಕ್ಕಲ್ಲ ಎಂದರು. ಅಜ್ಜಿ ತಾತ ನಗರ್ತಪೇಟೆಯ ಒಂದು ಗಲ್ಲಿಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಬಾಡಿಗೆಗೆ ಇದ್ದ ಮನೆಯನ್ನು ಅದರ ಮಾಲೀಕರು ಕೆಡವಿಸಿ, ಅಲ್ಲಿ ಮಳಿಗೆಗಳನ್ನು ಕಟ್ಟಿಸಬೇಕೆಂದಿದ್ದಾರಂತೆ. ಒಂದು ವರ್ಷದ ಗಡುವು ಕೊಟ್ಟಿದ್ದಾರೆ. ಅಮ್ಮ ಒಬ್ಬಳೇ ಮಗಳು. ಅವರಿಬ್ಬರೂ ದುರ್ಗಕ್ಕೆ ಬಂದು ನಮ್ಮಲ್ಲಿ ಇರಬೇಕೆಂಬುದು ಅಪ್ಪ ಅಮ್ಮನ ಇಷ್ಟ. ಆದರೆ ಅಳಿಯನ ಬಾಯಿಂದ ಅದು ಬಂದರೆ ಮಾವನವರಿಗೆ ಹೇಗೆ ಕೇಳಿಸೀತೋ!

“ನಿನ್ನ ಮಾತು ಅವರು ಕೇಳ್ತಾರೆ. ನೀನೇ ಹೇಳು. ಹೇಗೂ ಭಾಷಣ ಮಾಡೋದು ನಿನಗೆ ಬರುತ್ತಲ್ಲ” ಎಂದರು ಅಪ್ಪ.

ಇಲ್ಲಿ ಒಂದು ಸಂಗತಿಯನ್ನು ನಾಚಿಕೆ ಬಿಟ್ಟು ಹೇಳಬೇಕು. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ನಗರಜೀವನಕ್ಕಿಂತ ಊರಿನ ಜೀವನವೇ ಲೇಸು’ ಎಂಬ ವಿಷಯದ ಪರವಾಗಿ ಮಾತನಾಡಿ ಎರಡನೆಯ ಬಹುಮಾನ ಪಡೆದವನು ನಾನೇ. ವಾದವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆಗಲಿ ಅಪ್ಪ ಎಂದೆ.

ನಗರ್ತಪೇಟೆಯ ತಿರುವಿನಲ್ಲಿ ಚಪ್ಪರ ಹಾಕಿ ದಾರಿಹೋಕರಿಗೆಲ್ಲ ಪಾನಕ, ಕೋಸಂಬರಿ ಕೊಡುತ್ತಿದ್ದರು. ತಾತ ಅಲ್ಲಿಯೇ ನಮಗಾಗಿ ಕಾದು ನಿಂತಿದ್ದರು. ಅವರಿಗೆ ಈಗ ಎಪ್ಪತ್ತೊಂಬತ್ತು. ಅವೆನ್ಯೂ ರಸ್ತೆಯ ಹಿಂದಿನ ಒಂದು ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಮೊಳೆ ಜೋಡಿಸಿದವರು. ಸೀಸದ ಮೊಳೆಗಳು ಹೋಗಿ ಕಂಪ್ಯೂಟರು ಬಂದಾಗ ಅವರೂ ಮನೆಗೆ ಬಂದರು. ಅಕ್ಷರವನ್ನು ತಿರುಗುಮುರುಗಾಗಿ ಓದುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಹೋಟೆಲಿನ ಗಾಜಿನ ಮೇಲೆ ಬರೆದದ್ದನ್ನು ಒಳಗೆ ಕುಳಿತೇ ಸರಾಗವಾಗಿ ಓದಿ ತಂಗಿಯನ್ನು ಬೆರಗುಗೊಳಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದ ಮೇಲೆ ಕೈಯಲ್ಲಿ ಒಂದು ಕೋಲು ಬಂದಿದೆ. ಮನೆ ಇರುವುದು ಮಹಡಿಯ ಮೇಲೆ. ಮೆಟ್ಟಿಲು ಹದಿನಾಲ್ಕು, ಒಂದರ ಎತ್ತರ ಇನ್ನೊಂದಕ್ಕಿಲ್ಲ.

ಮೊದಲ ಎರಡು ದಿನ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧದ ಮುಂದೆ ತಂಗಿ ತೆಗೆಸಿಕೊಂಡ ಛಾಯಾಚಿತ್ರಗಳನ್ನು ಎಣಿಸುವುದು ಯಾರಿಂದಲೂ ಆಗದು. ಕಬ್ಬನ್ ಪಾರ್ಕಿನಲ್ಲಿ ಹೊಂಗೆಯ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ನೆಲಕ್ಕೆಲ್ಲ ಉದುರಿತ್ತು. ಲಾಲ್‌ಬಾಗಿನ ಗಾಜಿನ ಮನೆ 1889ರದೆಂದು ಫಲಕ ಓದಿ ನಾನು ದೊಡ್ಡದಾಗಿ ಹೇಳಿದರೆ ತಾತ ಅದರ ಕಡೆ ನೋಡಲೂ ಇಲ್ಲ; ಆ ದೊಡ್ಡ ಬಂಡೆಯ ಮೇಲೆ ಕೋಲೂರಿಕೊಂಡು ನಿಂತು, “ಇದರ ಮುಂದೆ ಅದು ನಿನ್ನೆ ಹುಟ್ಟಿದ ಮಗು ಕಣೋ” ಎಂದರು. ಆ ಬಂಡೆಗೆ ಮುನ್ನೂರು ಕೋಟಿ ವರ್ಷವಾಗಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಂಥವು ನಾಲ್ಕಿವೆ, ಊರು ಅವುಗಳನ್ನು ಮೀರಿ ಬೆಳೆಯಬಾರದೆಂದು ಕಟ್ಟಿಸಿದರೆಂಬ ಪ್ರತೀತಿ. ಊರು ಮೀರಿ ಬೆಳೆದು ಯಾವ ಕಾಲವಾಯಿತೋ.

ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ತಾತ ಥಟ್ಟನೆ, “ಬೆಂಗಳೂರಿನ ನದಿ ಯಾವುದು ಹೇಳು” ಎಂದರು. ನಾನು ತಡವರಿಸಿದೆ. “ಇಲ್ಲ! ಸಮುದ್ರಕ್ಕಿಂತ 3,000 ಅಡಿ ಎತ್ತರದಲ್ಲಿ, ಹೇಳಿಕೊಳ್ಳುವಂಥ ಒಂದು ಹೊಳೆ ಇಲ್ಲದ ಕಡೆ, 1537ರಲ್ಲಿ ಆ ಪುಣ್ಯಾತ್ಮ ಪೇಟೆ ಕಟ್ಟಿದ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಅಂತ ಜನ ತಂದು ತುಂಬಿದ. ಕುಡಿಯೋಕೆ ಏನು ಮಾಡಿದ? ಎದ್ದೇಳು, ತೋರಿಸ್ತೀನಿ.”

ಹೀಗೆ ನಮ್ಮ ಕೆರೆಯಾತ್ರೆ ಮೊದಲಾಯಿತು. ತಂಗಿ ಅರ್ಧ ದಿನಕ್ಕೇ ಸುಸ್ತಾಗಿ ಅಮ್ಮನ ಜೊತೆ ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಪರಾರಿಯಾದಳು. ತಾತ ಮತ್ತು ನಾನು ಮೂರು ದಿನ ನಡೆದೆವು. ಅವರಿಗೆ ದಣಿವಾದಾಗ ಆಟೋ ಹತ್ತಿದೆವು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿಗಳ ನಡುವೆ ನಿಲ್ಲಿಸಿ, “ಇದು ಸಿದ್ದಿಕಟ್ಟೆ. ನೀರು ನೋಡು” ಎಂದರು. ನಾನು ನೋಡಿದೆ. ಸೇವಂತಿಗೆ, ಕನಕಾಂಬರ, ಹೆಗಲ ಮೇಲೆ ಕುಕ್ಕೆ ಹೊತ್ತು “ದಾರಿ, ದಾರಿ” ಎಂದು ಕೂಗುವ ಆಳುಗಳು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಹೊರಗೆ ನಿಂತು, “ಇದು ಶೂಲೆ ಕೆರೆ” ಎಂದರು. ಕಂಠೀರವ ಕ್ರೀಡಾಂಗಣದ ಬಳಿ, “ಇದು ಸಂಪಂಗಿ ಕೆರೆ” ಎಂದರು. ಅಲ್ಲಿ ಮಾತ್ರ ಒಂದು ಚಿಕ್ಕ ಕುಂಟೆಯಷ್ಟು ಜಾಗ ಉಳಿದಿದೆ, ಅದೂ ಕರಗದ ಪುಣ್ಯದಿಂದ. ಆ ಉತ್ಸವದ ಕೆಲವು ವಿಧಿಗಳು ಸಂಪಂಗಿ ಕೆರೆಯ ನೀರಿನ ಬಳಿಯೇ ನಡೆಯಬೇಕು. ಆದ್ದರಿಂದ ಕೆರೆ ಹೋದರೂ ಅದರದೊಂದು ತುಣುಕನ್ನು ಬಿಟ್ಟಿದ್ದಾರೆ.

ಕೆರೆಗಳು ಹೋದದ್ದು ಯಾಕೆಂದು ಕೇಳಿದೆ. ತಾತ ಯಾರನ್ನೂ ಬೈಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂತು, 1974ರಲ್ಲಿ ಕಾವೇರಿಯೇ ಬಂದಳು, ಸುಮಾರು ನೂರು ಕಿಲೋಮೀಟರು ದೂರದಿಂದ, ಪಂಪುಗಳ ಬಲದಿಂದ ಬೆಟ್ಟ ಹತ್ತಿದ ಹಾಗೆ ಮೇಲಕ್ಕೆ. ಮನೆಯ ಮುಂದೆ ನಲ್ಲಿ ಬಂದ ಮೇಲೆ ಕೆರೆಯ ಹೂಳು ತೆಗೆಯುವವರು ಯಾರು? ಹೂಳು ತುಂಬಿತು, ಸೊಳ್ಳೆ ಬಂತು, ಒಣಗಿಸಿದರೆ ಒಳ್ಳೆಯದೆಂದು ಎಲ್ಲರಿಗೂ ಅನ್ನಿಸಿತು. ಒಣಗಿದ ಮೇಲೆ ಅದು ಬರೀ ನೆಲ. ಬೆಂಗಳೂರಿನಲ್ಲಿ ಬರೀ ನೆಲ ಎಷ್ಟು ದಿನ ಬರಿದಾಗಿ ಇದ್ದೀತು?

ಇವೆಲ್ಲಕ್ಕೂ ದೊಡ್ಡ ವಿಸ್ಮಯವನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಮೆಟ್ರೋ ರೈಲಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ನೆಲದಡಿಯಿಂದ ಚಲಿಸುವ ಮೆಟ್ಟಿಲುಗಳ ಮೇಲೆ ಮೇಲಕ್ಕೇರುತ್ತಿದ್ದಾಗ ನನ್ನ ಕಿವಿಯಲ್ಲಿ, “ಉಸಿರು ಬಿಗಿ ಹಿಡಿ. ಇನ್ನೂ ನೀರಿನ ಒಳಗಿದ್ದೀವಿ” ಎಂದರು. ಕೆಂಪೇಗೌಡ ಬಸ್ ನಿಲ್ದಾಣವೆಂದರೆ ಧರ್ಮಾಂಬುಧಿ ಕೆರೆ! ನಾನು ದುರ್ಗದಿಂದ ಎಷ್ಟೋ ಸಲ ಬಂದು ಇಳಿದ ಜಾಗ; ಒಂದು ದಿನವೂ ಕಾಲು ಒದ್ದೆಯಾದದ್ದಿಲ್ಲ.

“ನೀವು ಹುಡುಗರಾಗಿದ್ದಾಗ ಇಲ್ಲಿ ಈಜುತ್ತಿದ್ದಿರಾ ತಾತ?”

ಅವರು ನಕ್ಕುಬಿಟ್ಟರು. “ನಾನೆಲ್ಲಿ ನೋಡಿದೆ! ನಾನು ಹುಟ್ಟೋ ಹೊತ್ತಿಗೇ ಇದು ಮೈದಾನ. ನೀರು ನೋಡಿದೋರು ನಮ್ಮಜ್ಜ, ಅದೂ ಚಿಕ್ಕ ಹುಡುಗನಾಗಿದ್ದಾಗ. ನನ್ನ ಕೈ ಹಿಡ್ಕೊಂಡು ಬಂದು, ‘ನೋಡೋ, ಇಲ್ಲಿ ಏರಿ, ಇಲ್ಲಿ ತೂಬು’ ಅಂತ ತೋರಿಸ್ತಿದ್ದರು. ನನಗೂ ಬರೀ ಮಣ್ಣೇ ಕಾಣ್ತಿತ್ತು.”

ಅವರೂ ನೋಡದ ನೀರನ್ನು ಅವರು ನನಗೆ ತೋರಿಸುತ್ತಿದ್ದರು. ಅದು ತಿಳಿದ ಮೇಲೆ ಅಪ್ಪ ವಹಿಸಿದ ಕೆಲಸ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಶುದ್ಧ ಗಾಳಿ, ಶಾಂತವಾದ ವಾತಾವರಣ, ಕಡಿಮೆ ಖರ್ಚು ಎಂದು ಬಹುಮಾನ ತಂದ ಒಂದೊಂದು ವಾದವೂ ತಾತನ ಮುಖ ನೋಡಿದ ಕೂಡಲೇ ಸಪ್ಪೆಯಾಗುತ್ತಿತ್ತು. ಈ ಮನುಷ್ಯನನ್ನು ಇಲ್ಲಿಂದ ಕಿತ್ತುಕೊಂಡು ಹೋಗುವುದೇ? ರಾತ್ರಿ ಊಟದ ಎಲೆಯ ಮುಂದೆ ಅಪ್ಪ ನನ್ನ ಕಡೆ ನೋಡಿದರೆ ನಾನು ಸಾರಿನ ಕಡೆ ನೋಡುತ್ತಿದ್ದೆ. ಹೇಳಲೇಬಾರದೆಂದು ತೀರ್ಮಾನಿಸಿಯೂ ಬಿಟ್ಟೆ. ಹಾಗೆ ತೀರ್ಮಾನಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಆ ಹೆಮ್ಮೆ ಅಂದೇ ರಾತ್ರಿ ಇಳಿಯಿತು. ಹತ್ತನೆಯ ತಾರೀಖು ನಡುರಾತ್ರಿ ಕೆಳಗಡೆ ಏನೋ ಸದ್ದಾಗಿ ಎಚ್ಚರವಾಯಿತು. ಇಳಿದು ಹೋಗಿ ನೋಡಿದರೆ ಅಂಗಳದ ಮೂಲೆಯಲ್ಲಿ ಎರಡಡಿ ಆಳದ ಒಂದು ಗುಂಡಿ. ಅದರ ತಳದಲ್ಲಿ ನಲ್ಲಿ. ಅಜ್ಜಿ ಆ ಗುಂಡಿಗೆ ಬಗ್ಗಿ ಚೊಂಬಿನಲ್ಲಿ ನೀರು ಮೊಗೆದು ಬಿಂದಿಗೆಗೆ ತುಂಬುತ್ತಿದ್ದರು. ದಿನ ಬಿಟ್ಟು ದಿನ, ರಾತ್ರಿ ಎರಡರಿಂದ ನಾಲ್ಕರವರೆಗೆ ನೀರು. ಮೇಲಕ್ಕೆ ಏರುವಷ್ಟು ಒತ್ತಡವಿಲ್ಲದ್ದರಿಂದ ನಲ್ಲಿಯನ್ನೇ ನೆಲದ ಕೆಳಗೆ ಇಳಿಸಿದ್ದಾರೆ. ನಾನು ಬಿಂದಿಗೆಯನ್ನು ಕಿತ್ತುಕೊಂಡೆ. ಎಂಟು ಬಿಂದಿಗೆ, ಹದಿನಾಲ್ಕು ಮೆಟ್ಟಿಲು. ನಾಲ್ಕನೆಯದಕ್ಕೆ ನನ್ನ ಉಸಿರು ನಿಂತಿತು. ಅಜ್ಜಿಗೆ ಎಪ್ಪತ್ತೆರಡು, ಎರಡೂ ಮಂಡಿ ಹಿಡಿದಿವೆ.

“ತಾತ ಏಳೋದಿಲ್ವಾ ಅಜ್ಜಿ?”

“ಆಗ ಪ್ರೆಸ್ಸಿನಿಂದ ಸುಸ್ತಾಗಿ ಬರೋರು, ಏಳಿಸ್ತಿರಲಿಲ್ಲ. ಈಗ ಬಿದ್ದುಗಿದ್ದಾರು ಅಂತ ಏಳಿಸಲ್ಲ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, “ಮೂರು ದಿನದಿಂದ ನಿನಗೆ ಕೆರೆ ತೋರಿಸಿದರಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೋಡಿದ್ದು ಈ ಗುಂಡಿ” ಎಂದರು. ಕೋಪದಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದರು. ಬೀದಿಯ ನಲ್ಲಿಯಿಂದ ಅಂಗಳದ ನಲ್ಲಿಗೆ ಬಂದದ್ದೊಂದೇ ತಮ್ಮ ಕಾಲದಲ್ಲಿ ಆದ ಸುಧಾರಣೆಯಂತೆ. ದುರ್ಗಕ್ಕೆ ಬರುತ್ತೀರಾ ಅಜ್ಜಿ ಎಂದು ನಾನು ಕೇಳಿದೆ. ಕೇಳಿದ ಮೇಲೆ ಹೊಳೆಯಿತು, ಈ ವಿಷಯದಲ್ಲಿ ಮಾವನವರಿಗೆ ಹೇಗೆ ಹೇಳುವುದೆಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವೇ ಹೊರತು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಅವರು ಉತ್ತರ ಕೊಡಲಿಲ್ಲ. “ಮಲಕ್ಕೋ ಹೋಗು, ಬೆಳಗಾಗುತ್ತೆ” ಎಂದರು.

ಹನ್ನೆರಡನೆಯ ತಾರೀಖು ಚೈತ್ರ ಹುಣ್ಣಿಮೆ, ಕರಗದ ರಾತ್ರಿ. ತಿಗಳರಪೇಟೆಯ ಧರ್ಮರಾಯನ ಗುಡಿ ನಮ್ಮ ಗಲ್ಲಿಗೆ ಹತ್ತಿರವೇ. ಸಂಜೆಯಿಂದ ಬೀದಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಊರಿನ ಮಲ್ಲಿಗೆಯೆಲ್ಲ ಅಂದು ಅಲ್ಲಿಗೇ ಬಂದಂತಿತ್ತು. ಅಜ್ಜಿ ಹೊರಡಲಿಲ್ಲ. ಮಂಡಿನೋವು ಎಂದರು. ಅದು ನೀರಿನ ದಿನವೆಂದು ನನಗೆ ಗೊತ್ತಿತ್ತು. ನಾನು ಉಳಿಯುತ್ತೇನೆಂದರೆ ಗದರಿಸಿ ಕಳಿಸಿದರು.

ನಡುರಾತ್ರಿ ಮೀರಿದ ಮೇಲೆ “ಗೋವಿಂದ, ಗೋವಿಂದ” ಎಂಬ ಕೂಗು ಎದ್ದಿತು. ಬತ್ತಲೆ ಕತ್ತಿ ಹಿಡಿದ ವೀರಕುಮಾರರ ನಡುವೆ, ಸೀರೆ ಉಟ್ಟು, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯ ಗೋಪುರದಂಥ ಕರಗವನ್ನು ಕೈಯಿಂದ ಮುಟ್ಟದೆ ಹೊತ್ತು ಪೂಜಾರಿ ಹೊರಬಂದರು. ದ್ರೌಪದಿಯೇ ಬಂದಳೆಂದು ಜನ ಕೈಮುಗಿದರು. ಅದು ಎಷ್ಟು ಹೊತ್ತು ನಮ್ಮ ಕಣ್ಣಮುಂದೆ ಇತ್ತೋ ಹೇಳಲಾರೆ, ನಿಮಿಷವೂ ಇರಲಿಕ್ಕಿಲ್ಲ. ಅಲ್ಲಿಂದ ಪೇಟೆಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಗಿನ ಜಾವಕ್ಕೆ ಗುಡಿಗೆ ಹಿಂದಿರುಗುವುದು ಪದ್ಧತಿ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾತ ಎರಡೂ ಕೈ ಎತ್ತಿ ನಿಂತಿದ್ದರು. ಅವರ ತೋಳನ್ನು ನಾನು ಹಿಡಿದಿದ್ದೆ, ಅದು ನಡುಗುತ್ತಿತ್ತು.

ನಾವು ಮನೆಗೆ ಬಂದಾಗ ಮೂರೂವರೆ. ಅಂಗಳದ ದೀಪ ಉರಿಯುತ್ತಿತ್ತು. ಅಜ್ಜಿ ಗುಂಡಿಯ ಪಕ್ಕದಲ್ಲಿ ಕೂತು ಕೊನೆಯ ಬಿಂದಿಗೆ ತುಂಬುತ್ತಿದ್ದರು. ತಾತ ಸ್ವಲ್ಪ ಹೊತ್ತು ಹಾಗೇ ನಿಂತು, ಅಂಗಿಯ ಜೇಬಿನಿಂದ ಒಂದು ತುಂಡು ಮಲ್ಲಿಗೆ ತೆಗೆದು ನೀಡಿದರು. ಅಜ್ಜಿಯ ಎರಡು ಕೈಯೂ ಒದ್ದೆ.

“ಅಲ್ಲಿ ಕಟ್ಟೆ ಮೇಲಿಡಿ” ಎಂದರು. ಬಳಿಕ ತಲೆಯೆತ್ತದೆ, “ಮುಂದಿನ ವರ್ಷ ನಾನೂ ನೋಡ್ತೀನಿ. ಮಗಳ ಮನೆಯಿಂದ ಬಸ್ಸಲ್ಲಿ ಬಂದು ನೋಡ್ತೀನಿ” ಎಂದರು.

ಅಪ್ಪ ಅಮ್ಮ ಮೆಟ್ಟಿಲ ಬಳಿ ನಿಂತುಬಿಟ್ಟರು. ಯಾರೂ ಮಾತಾಡಲಿಲ್ಲ. ತಾತ ಕೋಲನ್ನು ಗೋಡೆಗೆ ಒರಗಿಸಿ ಬಿಂದಿಗೆಗೆ ಕೈಹಾಕಿದರು. ಅಜ್ಜಿ ಬೇಡ ಬೇಡವೆಂದರೂ ಬಿಡಲಿಲ್ಲ. ಕೊನೆಗೆ ತಾತ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹದಿನಾಲ್ಕು ಮೆಟ್ಟಿಲು ಹತ್ತಿಸಿದೆವು. ಅರ್ಧ ನೀರು ಮೆಟ್ಟಿಲಿಗೇ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ತಾತ ನಮ್ಮನ್ನು ಬಸ್ಸು ಹತ್ತಿಸಲು ಬಂದರು. ಬೆಳಗಿನಿಂದ ಅವರು ಹೆಚ್ಚು ಮಾತಾಡಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು, “ಅಲ್ಲ ಕಣೋ, ನಿಮ್ಮ ದುರ್ಗದಲ್ಲಿ ಹೊಂಡಗಳು ಎಷ್ಟಿವೆ?” ಎಂದರು.

ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಪೇಟೆಯಲ್ಲಿ ಸಂತೆ ಹೊಂಡ ಎಂದು ಬೆರಳು ಮಡಿಸಿದೆ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಹರಿದು ಬರುವ ಹಾಗೆ ಹಿಂದಿನವರು ಮಾಡಿದ್ದಾರೆ ಎಂದೆ.

“ನೀರಿದೆಯೇನೋ?”

“ಈಗ ಬೇಸಿಗೆ ತಾತ, ಸ್ವಲ್ಪ ಇಳಿದಿರುತ್ತೆ. ಮಳೆ ಬಂದರೆ ತುಂಬುತ್ತೆ.”

“ತೂಬು ಎಲ್ಲಿದೆ ನೋಡಿಟ್ಟುಕೊಂಡಿರು” ಎಂದರು. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ.