ಮಾತಾಡಿದರೆ ಔಟ್

ಹದಿಮೂರು-ಹದಿನಾಲ್ಕರ ವಯಸ್ಸಿಗೆ ಒಪ್ಪುವ ಆಟ ಸಿಗುವುದೇ ಕಷ್ಟ. ಕುಂಟೆಬಿಲ್ಲೆಗೆ ದೊಡ್ಡವರಾಗಿಬಿಟ್ಟಿರುತ್ತೇವೆ, ಇಸ್ಪೀಟು ಮುಟ್ಟಿದರೆ ಬೈಗುಳ. ನಮ್ಮ ಓಣಿಯಲ್ಲಿ ಇನ್ನೊಂದು ತಾಪತ್ರಯವೂ ಇತ್ತು. ಏಳನೇ ಕ್ಲಾಸಿನವರೆಗೆ ಜುಟ್ಟು ಹಿಡಿದು ಜಗಳವಾಡುತ್ತಿದ್ದ ಹುಡುಗ ಹುಡುಗಿಯರು ಎಂಟಕ್ಕೆ ಬಂದೊಡನೆ, ಯಾರೂ ಹೇಳದೆಯೇ, ಮಾತು ಬಿಟ್ಟಿದ್ದೆವು. ನೋಟ್ಸ್ ಬೇಕಾದರೂ ತಮ್ಮ ತಂಗಿಯರ ಕೈಯಲ್ಲಿ ಹೇಳಿ ಕಳಿಸುವುದು. ಆ ಬಿಗುಮಾನ ಸ್ವಲ್ಪ ಸಡಿಲವಾಗುತ್ತಿದ್ದುದು ಹುಟ್ಟುಹಬ್ಬದ ಪಾರ್ಟಿಯಲ್ಲಿ. ಅದೂ ಕೇಕ್ ಕತ್ತರಿಸುವಾಗಲ್ಲ, ಆಮೇಲೆ ಆಟ ಶುರುವಾದಾಗ.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಊರಿಗೆ ಜಿಲ್ಲಾಧಿಕಾರಿ ಬಂದರು, ನಮ್ಮ ಓಣಿಗೆ ಪಾರ್ಟಿ ಬಂತು. ಅಲ್ಲಿಯವರೆಗೆ ಹುಟ್ಟುಹಬ್ಬವೆಂದರೆ ಎಣ್ಣೆನೀರು, ಆರತಿ, ಪಾಯಸ. ಈಗ ಬೇಕರಿ ಕೇಕು, ರಸ್ನಾ, ಚಿಪ್ಸು. ಹಾಗಂತ ಊರು ತನ್ನ ಗುಣ ಬಿಟ್ಟೀತೆ? ಕೇಕಿನ ಪಕ್ಕದಲ್ಲೇ ಖಾರ ಮಂಡಕ್ಕಿ, ಬಿಸಿ ಮಿರ್ಚಿ.

ಮ್ಯೂಸಿಕಲ್ ಚೇರ್‌ಗೆ ನಾಲ್ಕು ಮನೆಯಿಂದ ಕಬ್ಬಿಣದ ಮಡಚುವ ಕುರ್ಚಿ ತರುತ್ತಿದ್ದೆವು. ಒಂದೊಂದರ ಬೆನ್ನಿಗೂ ಯಜಮಾನರ ಇನಿಷಿಯಲ್ಲು ಬಿಳಿ ಪೇಂಟಿನಲ್ಲಿ. ಕೂತ ರಭಸಕ್ಕೆ ಯಾವುದೋ ಒಂದು ಮಡಚಿಕೊಂಡು ಬೆರಳು ಸಿಕ್ಕಿಕೊಳ್ಳುವುದು ಇದ್ದದ್ದೇ. ಟೇಪ್ ರೆಕಾರ್ಡರಿನ ಪಾಸ್ ಬಟನ್ ಒತ್ತಲು ಕೂತ ಅತ್ತೆ ಗೋಡೆಯ ಕಡೆ ಮುಖ ಮಾಡಿರಬೇಕೆಂದು ನಿಯಮ. ಆದರೆ ಆ ಗೋಡೆಯಲ್ಲೇ ಒಂದು ಕನ್ನಡಿ ಇತ್ತು. ಅವರ ಮಗ ಸೋತದ್ದನ್ನು ನಾವ್ಯಾರೂ ಕಂಡವರಲ್ಲ.

ಪಾರ್ಸೆಲ್ ಆಟದಲ್ಲಿ ಹಳೆ ದಿನಪತ್ರಿಕೆ ಸುತ್ತಿದ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಹಾಡು ನಿಂತಾಗ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚಿ, ಒಳಗಿನ ಚೀಟಿಯಲ್ಲಿದ್ದ ಶಿಕ್ಷೆ ಅನುಭವಿಸಬೇಕು. ಹೆಡ್‌ಮಾಸ್ಟರರ ಹಾಗೆ ನಡೆ, ಹಾವು ನೋಡಿದವಳ ಹಾಗೆ ಕಿರುಚು, ಇಂಥವೇ. ನಡುವೆ ಕರೆಂಟು ಹೋದರೆ ಸ್ಟೀಲ್ ತಟ್ಟೆಗೆ ಸೌಟು ಬಡಿದು ಆಟ ಮುಂದುವರಿಸುತ್ತಿದ್ದೆವು.

ಟವೆಲ್ ಮುಚ್ಚಿದ ತಟ್ಟೆಯ ಆಟ ಹುಡುಗಿಯರ ಸ್ವತ್ತು. ಸೇಫ್ಟಿ ಪಿನ್ನು, ಏಲಕ್ಕಿ, ಬೀಗದ ಕೈ, ಅಡಿಕೆ, ರೀಫಿಲ್, ನಾಲ್ಕಾಣೆ ಎಲ್ಲವನ್ನೂ ಒಂದು ನಿಮಿಷ ತೋರಿಸಿ ಮುಚ್ಚಿಬಿಡುವುದು, ನೆನಪಿದ್ದಷ್ಟು ಬರೆಯುವುದು. ನಮ್ಮ ಸ್ಕೌಟ್ಸ್ ಮೇಷ್ಟ್ರು ಇದಕ್ಕೆ ಕಿಮ್ಸ್ ಗೇಮ್ ಎನ್ನುತ್ತಿದ್ದರು. ಕಿಪ್ಲಿಂಗ್‌ನ 1901ರ ‘ಕಿಮ್’ ಕಾದಂಬರಿಯಲ್ಲಿ ಗೂಢಚಾರಿಕೆ ಕಲಿಯುವ ಹುಡುಗನಿಗೆ ಶಿಮ್ಲಾದ ಅಂಗಡಿಯೊಂದರಲ್ಲಿ ತಟ್ಟೆ ತುಂಬ ಹರಳು ತೋರಿಸಿ ಇದೇ ಪರೀಕ್ಷೆ ಮಾಡುತ್ತಾರೆ. ನಮ್ಮ ಹುಡುಗಿಯರಿಗೆ ಶಿಮ್ಲಾ ಬೇಕಿರಲಿಲ್ಲ; ನಾವು ಹುಡುಗರು ಏಳೆಂಟಕ್ಕೇ ತಲೆ ಕೆರೆದುಕೊಳ್ಳುತ್ತಿದ್ದಾಗ ಅವರು ತಟ್ಟೆಯ ಅಂಚಿನ ಸೊಟ್ಟನ್ನೂ ಬರೆದು ಕೊಡುತ್ತಿದ್ದರು.

ಆದರೆ ಎಲ್ಲಕ್ಕೂ ಮಿಗಿಲು ಡಂಬ್ ಶರಾಡ್ಸ್. ಹುಡುಗರದೊಂದು ತಂಡ, ಹುಡುಗಿಯರದೊಂದು. ಎದುರು ತಂಡ ಚೀಟಿಯಲ್ಲಿ ಸಿನಿಮಾ ಹೆಸರು ಬರೆದುಕೊಡುತ್ತದೆ, ಬಾಯಿ ಬಿಡದೆ ಅಭಿನಯಿಸಿ ತನ್ನವರಿಂದ ಹೇಳಿಸಬೇಕು. ನೋಡಿದ ಸಿನಿಮಾ ಕಡಿಮೆ, ಹೆಸರು ಮಾತ್ರ ರಾಶಿ ಗೊತ್ತು. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದರೆ ಸೈಕಲ್ ಮೇಲೆ ಒಂದು ಕಾಲೂರಿ ಪೋಸ್ಟರ್ ಓದುವುದಲ್ಲದೆ ಇನ್ನೇನು ಕೆಲಸ?

‘ಎಡಕಲ್ಲು ಗುಡ್ಡದ ಮೇಲೆ’ ಸಲೀಸು, ಸೋಫಾ ಹತ್ತಿ ನಿಂತರೆ ಮುಗಿಯಿತು. ‘ಯಾರಿಗೂ ಹೇಳ್ಬೇಡಿ’ ಕೊಟ್ಟರೆ ಹೆಣಗಾಟ. ಒಮ್ಮೆ ಹುಡುಗಿಯರು ಬೇಕೆಂದೇ ‘ಜನುಮದ ಜೋಡಿ’ ಬರೆದುಕೊಟ್ಟರು. ನಮ್ಮವನು ಜೋಡಿ ತೋರಿಸಲು ಯಾರ ಕಡೆ ಕೈ ಮಾಡಬೇಕು? ಎರಡು ಬೆರಳು ಪಕ್ಕಪಕ್ಕ ಹಿಡಿದು, ಕಿವಿ ಕೆಂಪಾಗಿಸಿಕೊಂಡು, ಕೊನೆಗೆ ಬಾಗಿಲ ಬಳಿಯ ಚಪ್ಪಲಿ ತಂದು ತೋರಿಸಿದ. ನಮ್ಮ ತಂಡ ‘ಪಾದುಕಾ ಪಟ್ಟಾಭಿಷೇಕ’ ಎಂದಿತು.

ಇನ್ನೊಂದು ದಿನದ್ದಂತೂ ಇನ್ನೂ ತೀರ್ಮಾನವಾಗಿಲ್ಲ. ಚೀಟಿ ಓದಿದ ನಮ್ಮ ಗೆಳೆಯ ಒಂದು ಬೆರಳೆತ್ತಿದ. ಒಂದೇ ಪದ. ಅದೇ ಬೆರಳನ್ನು ತುಟಿಯ ಮೇಲಿಟ್ಟ. ಗಲಾಟೆ ಮಾಡುತ್ತಿದ್ದ ನಾವೆಲ್ಲ ಸುಮ್ಮನಾದೆವು. ಅವನು ತಲೆ ಅಲ್ಲಾಡಿಸಿ ಮತ್ತೆ ಬೆರಳಿಟ್ಟ. “ಆತಪ್ಪ, ಸುಮ್ನೆ ಅದೀವಲ್ಲ, ಮಾಡು” ಎಂದೆವು. ಬೆರಳನ್ನು ತುಟಿಗೆ ಕುಕ್ಕಿ ಕುಕ್ಕಿ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಚೀಟಿ ಬರೆದವಳು ದುಪಟ್ಟಾ ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಸಮಯ ಮುಗಿಯಿತು ಅನ್ನುವಾಗ ನನಗೆ ಹೊಳೆಯಿತು: ಉಪೇಂದ್ರ ನಿರ್ದೇಶಿಸಿದ, 1993ರ ‘ಶ್!’

ಹುಡುಗಿಯರು ಪಾಯಿಂಟ್ ಕೊಡಲಿಲ್ಲ. ಕೊನೆಯ ಸಲ ಬೆರಳಿಟ್ಟಾಗ ಅವನ ಬಾಯಿಂದ “ಶ್” ಎಂದು ಸದ್ದು ಬಂತು, ಅಂದರೆ ಹೆಸರನ್ನೇ ಹೇಳಿದಂತಾಯಿತು, ಔಟ್ ಎಂದು ಅವರ ವಾದ. ಮಿರ್ಚಿ ಆರಿ ತಣ್ಣಗಾಗುವವರೆಗೂ ಎದುರುಬದುರು ನಿಂತು ಕೂಗಾಡಿದೆವು. ಈಗ ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೂ, ತಲೆ ಬೆಳ್ಳಗಾಗತೊಡಗಿದ ಅದೇ ಎರಡು ತಂಡ ಅದೇ ಮಾತೆತ್ತುತ್ತದೆ. ನಾನು ಅವನ ಪಕ್ಕದಲ್ಲೇ ಕೂತಿದ್ದವನು. ಬಂದದ್ದು ಬರೀ ಉಸಿರು. ಪಾಯಿಂಟು ನಮ್ಮದೇ.